ಏಳು ವರ್ಷದ ಕುಂಕುಮ

ಆ ಮನೆಯ ಇಬ್ಬರು ಸೊಸೆಯಂದಿರ ಗಂಡಂದಿರೂ ನೀರಿಗೇ ಹೋದವರು. ದೊಡ್ಡವನ ಹೆಣ ಸಿಕ್ಕಿತು, ಚಿಕ್ಕವನದು ಸಿಗಲಿಲ್ಲ. ಅಷ್ಟಕ್ಕೇ ದೊಡ್ಡ ಸೊಸೆ ಪುಟ್ಟತಾಯಮ್ಮನ ಹಣೆ ಬೋಳಾಯಿತು, ಚಿಕ್ಕ ಸೊಸೆ ಜಯಶೀಲಳ ಹಣೆಯ ಕುಂಕುಮ ಹಾಗೇ ಉಳಿಯಿತು.

ಊರು ಪಾಂಡವಪುರಕ್ಕೂ ಶ್ರೀರಂಗಪಟ್ಟಣಕ್ಕೂ ನಡುವೆ, ದೊಡ್ಡ ನಾಲೆಯ ಪಕ್ಕದಲ್ಲಿ. ಪುಟ್ಟತಾಯಮ್ಮನ ಗಂಡ ದ್ಯಾವಯ್ಯ ಎಂಬತ್ತಾರರ ಆಷಾಢದಲ್ಲಿ ಎತ್ತು ತೊಳೆಯಲು ನಾಲೆಗೆ ಇಳಿದವನು ಕಾಲು ಜಾರಿ ಹೋದ. ಕೆಆರ್‌ಎಸ್‌ನಿಂದ ಆಗತಾನೆ ನೀರು ಬಿಟ್ಟಿದ್ದರು, ಸೆಳೆತ ಜೋರಾಗಿತ್ತು. ಮೂರನೇ ದಿನ ಕೆಳಗಿನ ಊರಿನ ತೂಬಿನ ಹತ್ತಿರ ಸಿಕ್ಕ. ಮಣ್ಣು ಮಾಡಿದರು. ಹನ್ನೊಂದನೇ ದಿನ ನಾಲ್ಕು ಜನ ಮುದುಕಿಯರು ಪುಟ್ಟತಾಯಮ್ಮನನ್ನು ಹಿತ್ತಿಲಲ್ಲಿ ಕೂರಿಸಿ, ಎರಡೂ ಕೈಯನ್ನು ಒರಳುಕಲ್ಲಿನ ಮೇಲೆ ಒತ್ತಿ ಹಿಡಿದು ಬಳೆ ಒಡೆದರು. ಒಂದು ಚೂರು ಮಣಿಕಟ್ಟಿಗೆ ಚುಚ್ಚಿ ರಕ್ತ ಬಂತು. ಅವತ್ತು ಬಲಗೈ ಹಿಡಿದುಕೊಳ್ಳಲು ಒಬ್ಬರು ಕಡಿಮೆ ಬಿದ್ದು, ಮದುವೆಯಾಗಿ ಮೂರು ತಿಂಗಳಾಗಿದ್ದ ಜಯಶೀಲಳನ್ನೇ ಕರೆದಿದ್ದರು. ಮುತ್ತೈದೆ ಅದನ್ನು ಮುಟ್ಟಬಾರದು ಎಂದು ಯಾರೋ ಅಂದಮೇಲೆ ಅವಳನ್ನು ಎಬ್ಬಿಸಿ ಕಳಿಸಿದರು. ಅಷ್ಟರಲ್ಲಿ ಮೂರು ಬಳೆ ಒಡೆದಾಗಿತ್ತು.

ಜಯಶೀಲ ಕೆ.ಆರ್. ಪೇಟೆ ಕಡೆಯವಳು, ಎಸ್ಸೆಸ್ಸೆಲ್ಸಿ ಓದಿದವಳು. ಅವಳ ಗಂಡ ಚಲುವರಾಜು ಐಟಿಐ ಮಾಡಿ, ಮದರಾಸಿನಲ್ಲಿ ಸಣ್ಣ ವಿಮಾನಗಳನ್ನು ಇಟ್ಟುಕೊಂಡು ದ್ವೀಪಗಳಿಗೆ ಸಾಮಾನು ಸಾಗಿಸುತ್ತಿದ್ದ ಒಂದು ಕಂಪನಿಯಲ್ಲಿ ಮೆಕ್ಯಾನಿಕ್ಕಾಗಿದ್ದ. ಎಂಬತ್ತೊಂಬತ್ತರ ನವೆಂಬರಿನಲ್ಲಿ ಒಂದು ಬೆಳಿಗ್ಗೆ ಅಂಥದೊಂದು ವಿಮಾನ ಐದು ಜನರನ್ನು ಹೊತ್ತು ಅಂಡಮಾನಿನ ಕಡೆಗೆ ಹಾರಿತು. ಒಂದೂವರೆ ಗಂಟೆಯ ತನಕ ರೇಡಿಯೋದಲ್ಲಿ ಮಾತು ಕೇಳಿಸಿತ್ತಂತೆ, ಆಮೇಲೆ ಇಲ್ಲ. ಆ ಐದು ಜನರಲ್ಲಿ ಚಲುವರಾಜು ಒಬ್ಬ. ಊರಿಗೆ ತಂತಿ ಬಂತು. ಹುಡುಕುತ್ತಿದ್ದೇವೆ ಎಂದಿತ್ತು, ಅಷ್ಟೇ.

ತಂತಿ ಬಂದ ದಿನ ಪುಟ್ಟತಾಯಮ್ಮನೂ ಎದೆ ಬಡಿದುಕೊಂಡು ಅತ್ತಳು. ಮೈದುನನನ್ನು ಕಂಡರೆ ಅವಳಿಗೆ ಅಕ್ಕರೆಯಿತ್ತು. ಆದರೆ ಅಳುವಿನ ಅಡಿಯಲ್ಲಿ ಇನ್ನೊಂದು ಸಣ್ಣ ಯೋಚನೆ ಬಂದು ಕೂತಿತ್ತು. ಇನ್ನು ಮೇಲೆ ಈ ಮನೆಯಲ್ಲಿ ನಾನೊಬ್ಬಳೇ ಅಲ್ಲ ಎಂದು. ಅದಕ್ಕೆ ನಾಚಿಕೆಪಟ್ಟಳು, ಆದರೂ ಓರಗಿತ್ತಿಯ ಬಳೆ ಒಡೆಯುವ ದಿನಕ್ಕೆ ಕಾದಳು. ಹನ್ನೊಂದು ದಿನವಾಯಿತು, ಹದಿನೈದು ದಿನವಾಯಿತು. ಅತ್ತೆ ಚಿಕ್ಕಬೋರಮ್ಮ ಕಂಬಕ್ಕೆ ಒರಗಿ ಕೂತು, ಹೆಣ ಎಲ್ಲಿ, ಹೆಣ ತೋರಿಸದೆ ನನ್ನ ಮಗ ಸತ್ತ ಅನ್ನೋರು ಯಾರು ಎಂದು ಕೇಳುತ್ತಿದ್ದಳು. ತಿಂಗಳು ಕಳೆದ ಮೇಲೆ ಚಿಕ್ಕಬೋರಮ್ಮ ತಾನೇ ಸಂತೆಯಿಂದ ಎರಡು ಮೊಳ ಮಲ್ಲಿಗೆ ತಂದು ಚಿಕ್ಕ ಸೊಸೆಯ ಮುಡಿಗೆ ಮುಡಿಸಿದಳು. ಅಲ್ಲಿಗೆ ಅದು ತೀರ್ಮಾನವಾಯಿತು.

ಆಮೇಲೆ ಕತೆಗಳು ಶುರುವಾದವು. ಊರಿನ ಸ್ಕೂಲಿನ ಮೇಷ್ಟ್ರು ಚಲುವಯ್ಯ ಯಾವುದೋ ವಾರಪತ್ರಿಕೆ ತಂದು ಜಗಲಿಯ ಮೇಲೆ ಕೂತು ಓದಿ ಹೇಳಿದರು. ಸಮುದ್ರದಲ್ಲಿ ಮೂರು ಮೂಲೆಯ ಒಂದು ಜಾಗವಿದೆಯಂತೆ, ಅದರ ಮೇಲೆ ಹಾರಿದ ವಿಮಾನಗಳು ಕಣ್ಣೆದುರೇ ಮಾಯವಾಗುತ್ತವಂತೆ, ದಿಕ್ಸೂಚಿಯ ಮುಳ್ಳು ಗಿರಗಿರ ತಿರುಗುತ್ತದಂತೆ, ಗಡಿಯಾರ ನಿಂತುಹೋಗುತ್ತದಂತೆ. ಒಳಗೆ ಹೋದವರು ಸಾಯುವುದಿಲ್ಲ, ಬೇರೆ ಕಾಲದಲ್ಲಿ ಇರುತ್ತಾರೆ ಎಂದು ಯಾರೋ ಬರೆದಿದ್ದರು. ನಾಗಮಂಗಲದ ಕಡೆ ಶಾಸ್ತ್ರ ಹೇಳುವವನೊಬ್ಬ ಕವಡೆ ಹಾಕಿ, ಹುಡುಗ ತೆಂಗಿನ ಮರ ಇರೋ ದ್ವೀಪದಲ್ಲಿ ಅವನೆ, ದಾರಿ ತಿಳೀದೆ ಕೂತವನೆ ಎಂದ. ಚಿಕ್ಕಬೋರಮ್ಮ ಎರಡನ್ನೂ ಸೇರಿಸಿ ಒಂದು ಮಾಡಿಕೊಂಡಳು. ಮಗ ದ್ವೀಪದಲ್ಲಿದ್ದಾನೆ, ಅಲ್ಲಿ ಕಾಲ ನಿಂತಿದೆ, ಅವನಿಗೆ ಇನ್ನೂ ಇಪ್ಪತ್ತೆಂಟೇ. ಜಯಶೀಲಳ ಕಿವಿಯ ಮೇಲೆ ಎರಡು ಬಿಳಿ ಕೂದಲು ಕಂಡಾಗ, ಅವನು ಬಂದಾಗ ಗುರುತು ಸಿಗದಿದ್ದರೆ ಏನು ಗತಿ ಎಂದು ಹೇಳಿ ಅವಳೇ ಕಿತ್ತು ಹಾಕಿದ್ದಳು.

ಬಂದವರೆಲ್ಲ ಜಯಶೀಲಳನ್ನು ನೋಡಲು ಬರುತ್ತಿದ್ದರು. ಕೆ.ಆರ್. ಪೇಟೆಯಿಂದ, ನಾಗಮಂಗಲದಿಂದ, ನೆಂಟರ ನೆಂಟರು. ವಿಮಾನದ ವಿಷಯ ಕೇಳಿ, ನಿಟ್ಟುಸಿರುಬಿಟ್ಟು, ಕಾಫಿ ಕುಡಿದು ಹೋಗುತ್ತಿದ್ದರು. ಕಾಫಿ ಕಾಯಿಸಿ ಕೊಡುತ್ತಿದ್ದವಳು ಪುಟ್ಟತಾಯಮ್ಮ. ನಾಲೆಯಲ್ಲಿ ಜಾರಿ ಬಿದ್ದವನ ವಿಷಯ ಯಾರು ಕೇಳುತ್ತಾರೆ? ಅಂಥವರು ವರ್ಷಕ್ಕೆ ಇಬ್ಬರು ಮೂವರು ಇದ್ದೇ ಇರುತ್ತಿದ್ದರು.

ಅವಳ ಹೊಟ್ಟೆಯೊಳಗಿನ ಬೆಂಕಿ ಸಣ್ಣ ಸಣ್ಣ ಕೆಲಸಗಳಲ್ಲಿ ಹೊರಗೆ ಬರುತ್ತಿತ್ತು. ಹೂವಿನ ಬುಟ್ಟಿಯ ಮೇಲಿನ ಒದ್ದೆ ಬಟ್ಟೆ ಬೇಕೆಂದೇ ತೆಗೆದಿಡುವಳು, ಹೂವು ಬಾಡಲಿ ಎಂದು. ಅರಿಶಿನ ಕುಂಕುಮಕ್ಕೆ ಕರೆಯುವವರು ಬಾಗಿಲಿಗೆ ಬಂದರೆ ಜಯಶೀಲ ಮನೆಯಲ್ಲಿಲ್ಲ ಎಂದು ಸುಳ್ಳು ಹೇಳಿ ಕಳಿಸುವಳು. ಒಮ್ಮೆ ಮನೆಯಲ್ಲಿ ಯಾರೂ ಇಲ್ಲದಾಗ ಕನ್ನಡಿಯ ಮುಂದೆ ನಿಂತು ಓರಗಿತ್ತಿಯ ಕುಂಕುಮವನ್ನು ಬೆರಳಿಗೆ ತೆಗೆದುಕೊಂಡು ತನ್ನ ಹಣೆಗೆ ಇಟ್ಟು ನೋಡಿಕೊಂಡಳು. ಚೆನ್ನಾಗಿ ಕಂಡಿತು. ಆ ಸಿಟ್ಟಿಗೆ ಸೆರಗಿನಲ್ಲಿ ಎಷ್ಟು ಉಜ್ಜಿದಳೆಂದರೆ ಎರಡು ದಿನ ಹಣೆ ಕೆಂಪಗಿತ್ತು.

ಎಲ್ಲಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ತೊಂಬತ್ತೈದರಲ್ಲಿ, ತನ್ನ ಮಗಳು ದಿವ್ಯಳನ್ನು ಹೊಣಕೆರೆಗೆ ಕೊಟ್ಟ ಮದುವೆಯಲ್ಲಿ. ಮಗಳಿಗೆ ಅರಿಶಿನ ಹಚ್ಚಿದ್ದು ಜಯಶೀಲ, ಹಸೆಗೆ ಕರೆದು ತಂದದ್ದು ಜಯಶೀಲ, ಆರತಿ ಎತ್ತಿದ್ದು ಜಯಶೀಲ. ಹೆತ್ತವಳು ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತು ನೋಡಿದಳು. ಅವಳ ಗಂಡನೂ ಸತ್ತವನೇ ಎಂದು ಕೂಗಿ ಹೇಳಬೇಕು ಅನ್ನಿಸಿತು. ಹೇಳಲು ಸಾಕ್ಷಿ ಇರಲಿಲ್ಲ.

ಮರುವರ್ಷದ ದೀಪಾವಳಿ ಕಳೆದ ಮೇಲೆ ಮನೆಯ ರೇಡಿಯೋ ಕೆಟ್ಟಿತು. ಪುಟ್ಟತಾಯಮ್ಮ ಅದನ್ನು ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿ ಪಾಂಡವಪುರಕ್ಕೆ ಹೋದಳು. ಬಸ್ ಸ್ಟ್ಯಾಂಡಿನ ಹಿಂದೆ ಮೌನೇಶಾಚಾರಿಯ ರಿಪೇರಿ ಅಂಗಡಿ. ಅಪ್ಪ ತಾತ ಎಲ್ಲ ಅಕ್ಕಸಾಲಿಗರು, ಇವನೊಬ್ಬ ವೈರ್‌ಲೆಸ್ ಕಲಿತು ಹದಿನೈದು ವರ್ಷ ಸರಕು ಹಡಗುಗಳಲ್ಲಿ ದುಡಿದು ಊರಿಗೆ ಮರಳಿದ್ದ. ಗೋಡೆಯ ಮೇಲೆ ಹಡಗಿನ ಫೋಟೋ ಇತ್ತು. ಅದನ್ನು ನೋಡುತ್ತ ಪುಟ್ಟತಾಯಮ್ಮ, ಸಮುದ್ರದಲ್ಲಿ ವಿಮಾನ ಮಾಯ ಆಗೋದು ನಿಜವಾ ಎಂದು ಕೇಳಿದಳು.

ಯಾಕೆ ತಾಯಿ ಎಂದ ಅವನು. ಚಲುವರಾಜು ಅಂತ, ಎಂಬತ್ತೊಂಬತ್ತರಲ್ಲಿ, ಮದರಾಸಿಂದ ಹೊರಟಿದ್ದ ವಿಮಾನ ಎಂದು ಇವಳು ಹೇಳುವಷ್ಟರಲ್ಲಿ ಆಚಾರಿ ಅವಳ ಬೋಳು ಹಣೆ ನೋಡಿ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ. "ನಿಮ್ಮ ಯಜಮಾನ್ರಾ?" ಎಂದು ಕೇಳಿದ.

ಅಲ್ಲ ಎನ್ನಬೇಕಾಗಿತ್ತು. ಪುಟ್ಟತಾಯಮ್ಮ ತಲೆ ತಗ್ಗಿಸಿದಳು. ಆಚಾರಿ ಅದನ್ನು ಹೌದೆಂದುಕೊಂಡ. ಸ್ಟೂಲು ಎಳೆದು ಕೂರಿಸಿದ, ಎದುರಿನ ಹೋಟೆಲಿನಿಂದ ಟೀ ತರಿಸಿದ. ಹತ್ತು ವರ್ಷದಲ್ಲಿ ಅವಳಿಗೆ ಯಾರೂ ಹಾಗೆ ಟೀ ತರಿಸಿಕೊಟ್ಟಿರಲಿಲ್ಲ. ಎಷ್ಟು ಕಷ್ಟ ಪಟ್ಟಿರೋ ಎಂದು ಅವನು ಅಂದಾಗ ಅವಳ ಕಣ್ಣಲ್ಲಿ ನಿಜವಾಗಿಯೇ ನೀರು ಬಂತು. ಅದು ದ್ಯಾವಯ್ಯನಿಗೋ ಚಲುವರಾಜನಿಗೋ ಅವಳಿಗೂ ಗೊತ್ತಾಗಲಿಲ್ಲ. ಓರಗಿತ್ತಿಗೆ ಬರುತ್ತಿದ್ದ ಮರುಕ ಇಷ್ಟು ಸಿಹಿಯಾಗಿರುತ್ತದೆಂದು ಅವತ್ತು ತಿಳಿಯಿತು.

ಆಚಾರಿ ತಿಳಿಸಿ ಹೇಳಿದ. ಆ ಮೂರು ಮೂಲೆಯ ಸಮುದ್ರ ಇರುವುದು ಅಮೆರಿಕದ ಪಕ್ಕದಲ್ಲಿ, ನಮ್ಮ ಬಂಗಾಳ ಕೊಲ್ಲಿಗೂ ಅದಕ್ಕೂ ಏನೇನೂ ಸಂಬಂಧವಿಲ್ಲ. ಅಲ್ಲೂ ಬೇರೆ ಕಡೆಗಿಂತ ಹೆಚ್ಚೇನೂ ಮುಳುಗಿಲ್ಲ. ಓಡಾಟ ಜಾಸ್ತಿ, ಬಿರುಗಾಳಿಯೂ ಜಾಸ್ತಿ, ಅಷ್ಟೇ. ಅಲ್ಲಿಗೆ ಹೋಗುವ ಹಡಗಿಗೆ ವಿಮೆಯವರು ಹೆಚ್ಚಿನ ದುಡ್ಡೂ ಕೇಳುವುದಿಲ್ಲ. ಕತೆ ಬರೆಯುವವರು ಅವತ್ತು ಗಾಳಿ ಎಷ್ಟಿತ್ತು ಎನ್ನುವುದನ್ನು ಬಿಟ್ಟು ಬರೆಯುತ್ತಾರೆ. ಇನ್ನು ರೇಡಿಯೋ ಮಾತು ನಿಂತದ್ದಕ್ಕೆ ಮಾಯಮಂತ್ರ ಬೇಕಿಲ್ಲ, ಸಣ್ಣ ವಿಮಾನದ ಮಾತು ನೇರ ಹೋಗುತ್ತದೆ, ಭೂಮಿ ಬಾಗಿದೆ, ಕೆಳಗೆ ಇಳಿದಷ್ಟೂ ದಡಕ್ಕೆ ಕೇಳುವುದಿಲ್ಲ. ನವೆಂಬರು ಆ ಸಮುದ್ರಕ್ಕೆ ಬಿರುಗಾಳಿಯ ತಿಂಗಳು. ನೀರಿನ ಆಳವೋ, ಚಾಮುಂಡಿ ಬೆಟ್ಟದಂಥವನ್ನು ಐದಾರು ಒಂದರ ಮೇಲೊಂದು ಇಟ್ಟರೂ ತುದಿ ಕಾಣದಷ್ಟು. ಎಲ್ಲಿ ಬಿತ್ತು ಎಂದು ನೂರು ಮೈಲಿಯ ಒಳಗಾದರೂ ಗೊತ್ತಿಲ್ಲದಿದ್ದರೆ ಎಲ್ಲಿ ಅಂತ ಹುಡುಕುವುದು.

"ವಿಮಾನಕ್ಕೆ ಇಷ್ಟು ಗಂಟೆಗೆ ಅಂತ ಎಣ್ಣೆ ಹಾಕಿರ್ತಾರೆ ತಾಯಿ," ಎಂದ ಆಚಾರಿ. "ಅದು ಮುಗಿದ ಮ್ಯಾಲೆ ಯಾವ ವಿಮಾನವೂ ಮ್ಯಾಲೆ ಇರಕ್ಕಾಗಲ್ಲ. ಎಲ್ಲಾದ್ರೂ ಇಳೀಲೇಬೇಕು. ನೆಲದಲ್ಲಿ ಇಳಿದಿದ್ರೆ ಇಷ್ಟೊತ್ತಿಗೆ ಗೊತ್ತಾಗಿರೋದು."

ಏಳು ವರ್ಷ ಸುದ್ದಿಯಿಲ್ಲದವನನ್ನು ಕೋರ್ಟು ಸತ್ತವನೆಂದೇ ಲೆಕ್ಕಕ್ಕೆ ಹಿಡಿಯುತ್ತದೆ ಎಂದೂ ಹೇಳಿದ. ಪುಟ್ಟತಾಯಮ್ಮ ಬೆರಳು ಮಡಿಸಿ ಎಣಿಸಿದಳು. ಅದೇ ನವೆಂಬರಿಗೆ ಏಳು ತುಂಬುತ್ತಿತ್ತು. ಮದರಾಸಿನಲ್ಲಿ ತನ್ನ ಹಳೇ ಸ್ನೇಹಿತನಿದ್ದಾನೆ, ಬರೆದು ವಿಚಾರಿಸುತ್ತೇನೆ ಎಂದು ಆಚಾರಿ ವಿಳಾಸ ಬರೆದುಕೊಂಡ. ಇವಳು ಬೇಡ ಎನ್ನಲಿಲ್ಲ. ರೇಡಿಯೋ ಸರಿಹೋದ ಮೇಲೂ ಎರಡು ಸಲ ಅಂಗಡಿಗೆ ಹೋಗಿ ಕೂತು ಬಂದಳು. ಎರಡು ಸಲವೂ ಚಲುವರಾಜನ ಹೆಂಡತಿಯಾಗಿ ಟೀ ಕುಡಿದಳು.

ಸಂಕ್ರಾಂತಿಗೆ ಇನ್ನೊಂದು ವಾರವಿದ್ದಾಗ, ಒಂದು ಭಾನುವಾರ ಬೆಳಿಗ್ಗೆ, ಅತ್ತೆ ಸೊಸೆ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು. ಜಯಶೀಲ ಒಳಗೆ ರೊಟ್ಟಿ ತಟ್ಟುತ್ತಿದ್ದಳು. ಮೌನೇಶಾಚಾರಿಯ ಮೊಪೆಡ್ಡು ಬಂದು ಬಾಗಿಲ ಮುಂದೆ ನಿಂತಿತು. ಇವನು ಊರಿಗೇ ಬರುತ್ತಾನೆ ಎಂದು ಪುಟ್ಟತಾಯಮ್ಮ ಎಣಿಸಿರಲಿಲ್ಲ. ಆಚಾರಿ ಚಪ್ಪಲಿ ಬಿಟ್ಟು, ಪಾಂಡವಪುರದ ರೇಡಿಯೋ ಅಂಗಡಿಯವನು ಎಂದು ಮುದುಕಿಗೆ ಹೇಳಿ, ಜೇಬಿನಿಂದ ಕಾಗದ ತೆಗೆದು, ಮದರಾಸಿಂದ ಉತ್ತರ ಬಂದಿದೆ, ನಿಮ್ಮ ಯಜಮಾನರ ವಿಷಯ, ಕೈಗೇ ಕೊಡೋಣ ಅಂತ ಬಂದೆ ಎಂದು ಪುಟ್ಟತಾಯಮ್ಮನಿಗೆ ಹೇಳಿದ.

"ಯಾರ ಯಜಮಾನ?" ಎಂದಳು ಚಿಕ್ಕಬೋರಮ್ಮ.

"ಚಲುವರಾಜು ಅವರು," ಎಂದ ಆಚಾರಿ.

"ಇವಳ ಗಂಡ ನಾಲೇಲಿ ಕೊಚ್ಕಂಡೋದೋನು ಕಣಪ್ಪ. ಚಲುವರಾಜನ ಎಂಡ್ರು ಒಳಗವ್ಳೆ."

ಆಚಾರಿಯ ಮುಖ ಕಪ್ಪಿಟ್ಟಿತು. ಕಾಗದವನ್ನು ಯಾರಿಗೆ ಕೊಡಬೇಕೆಂದು ತಿಳಿಯದೆ ಅದನ್ನು ಹಿಡಿದೇ ನಿಂತ. ಪುಟ್ಟತಾಯಮ್ಮನಿಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಆದರೆ ಏಳು ವರ್ಷದಿಂದ ಕಾದಿದ್ದ ಸಾಕ್ಷಿ ಕಣ್ಣೆದುರಿಗಿತ್ತು. ಅವಮಾನವನ್ನು ನುಂಗಿಕೊಂಡು, ಏನು ಬರೆದವ್ರೆ ಓದಿ ಎಂದಳು. ಆಚಾರಿ ಹೇಗೋ ಓದಿ ಮುಗಿಸಿದ. ವಿಮಾನ ಕಾಣೆಯಾದ ಹತ್ತೊಂಬತ್ತನೇ ದಿನ ಬೆಸ್ತರ ಬಲೆಗೆ ಎರಡು ಸೀಟು ಸಿಕ್ಕಿದ್ದವು, ಅದರ ಮೇಲಿನ ನಂಬರು ಅದೇ ವಿಮಾನದ್ದು. ನೀರಿನಲ್ಲಿ ತೇಲಲು ಹಾಕಿಕೊಳ್ಳುವ ಜಾಕೆಟ್ಟೊಂದು ಬಿಚ್ಚದ ಹಾಗೇ ಸಿಕ್ಕಿತ್ತು. ಬದುಕಿರುವ ಆಸೆ ಇಲ್ಲವೆಂದು ತೊಂಬತ್ತರಲ್ಲೇ ಕಂಪನಿಯಿಂದ ಐದೂ ಮನೆಗೆ ರಿಜಿಸ್ಟರ್ ಕಾಗದ ಹೋಗಿತ್ತು.

"ಕೇಳಿದ್ರಾ ಅತ್ತೆಮ್ಮ," ಎಂದಳು ಪುಟ್ಟತಾಯಮ್ಮ. "ದ್ವೀಪವೂ ಇಲ್ಲ, ಏನೂ ಇಲ್ಲ. ಅವನೂ ನನ್ನ ಗಂಡನಂಗೆ ನೀರಲ್ಲೇ ಸತ್ತ. ಅವಳೂ ನನ್ನಂಗೇ."

ಚಿಕ್ಕಬೋರಮ್ಮ ಮೊರವನ್ನು ಪಕ್ಕಕ್ಕೆ ಸರಿಸಿದಳು. ಕೂಗಾಡಲಿಲ್ಲ. ಕಂಡೋರ ಅಂಗಡೀಲಿ ಮೈದುನನ ಹೆಂಡತಿ ಅಂತ ಹೇಳಿಕೊಂಡು ಕೂತವಳ ಮಾತನ್ನು ನಾನು ನಂಬಬೇಕಾ ಎಂದು ಕೇಳಿದಳು. ಅವಳ ತಲೆಯಲ್ಲಿ ಹೂವು ಕಂಡರೆ ನಿನಗೆ ಉರಿಯುತ್ತದೆ ಎನ್ನುವುದು ನನಗೆ ಗೊತ್ತು, ಬಾಡಿದ ಹೂವಿನ ಬುಟ್ಟಿಯೂ ಗೊತ್ತು ಎಂದಳು. ಈ ಕಾಗದ ನೀನೇ ಹುಟ್ಟಿಸಿದ್ದು, ಮಗಳ ಮನೆಗೋ ತವರಿಗೋ ಹೋಗಿಬಿಡು, ಈ ಮನೆಯಲ್ಲಿ ಇರಬೇಡ ಎಂದಳು. ಆಚಾರಿ ನಡುವೆ ಬಾಯಿ ಹಾಕಲು ಹೋದ, ಮುದುಕಿ ಅವನ ಕಡೆ ತಿರುಗಿಯೂ ನೋಡಲಿಲ್ಲ.

ಆಗ ಜಯಶೀಲ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಅವಳು ಸುಮ್ಮನಿದ್ದರೆ ಸಾಕಿತ್ತು, ಪುಟ್ಟತಾಯಮ್ಮ ಸುಳ್ಳುಬುರುಕಿಯಾಗಿ ಗಂಟು ಕಟ್ಟುತ್ತಿದ್ದಳು.

"ಅಕ್ಕ ಹೇಳಿದ್ದು ನಿಜ ಅತ್ತೆ," ಎಂದಳು ಜಯಶೀಲ. "ಆ ರಿಜಿಸ್ಟರ್ ಕಾಗದ ನನ್ನ ಕೈಗೇ ಬಂತು. ಇಂಗ್ಲೀಷಲ್ಲಿತ್ತು, ಪೇಟೆಗೆ ತಗೊಂಡೋಗಿ ಅಣ್ಣನ ಹತ್ರ ಓದಿಸ್ದೆ. ಏಳು ವರ್ಷದಿಂದ ನನ್ನ ಟ್ರಂಕಲ್ಲೇ ಅದೆ."

ಚಿಕ್ಕಬೋರಮ್ಮ ಗೋಡೆ ಹಿಡಿದುಕೊಂಡು ಎದ್ದು ಒಳಗೆ ಹೋಗಿ ಮಲಗಿದಳು. ಆಚಾರಿ ಕಾಗದವನ್ನು ಮೊರದ ಮೇಲಿಟ್ಟು, ಯಾರ ಮುಖವನ್ನೂ ನೋಡದೆ ಹೊರಟುಹೋದ.

ಅವತ್ತು ಮಧ್ಯಾಹ್ನ ಹಿತ್ತಿಲಲ್ಲಿ ಇಬ್ಬರೇ ಇದ್ದಾಗ ಪುಟ್ಟತಾಯಮ್ಮ, ಯಾಕೆ ಮುಚ್ಚಿಟ್ಟೆ ಎಂದು ಕೇಳಿದಳು. ಜಯಶೀಲ ಅತ್ತೆಯ ಹೆಸರು ಹೇಳಬಹುದಿತ್ತು, ಮುದುಕಿಗೆ ಎದೆ ಒಡೆದೀತು ಎಂದು. ಹಾಗೆ ಹೇಳಲಿಲ್ಲ.

"ನಿನ್ನ ಕೈ ಇಡ್ಕಂಡಿದ್ದೋಳು ನಾನು," ಎಂದಳು. "ಮೂರು ಬಳೆ ಒಡೆಯೋಗಂಟ ಇಡ್ಕಂಡಿದ್ದೆ. ನಿನ್ನ ಕೈ ಎಂಗೆ ಒದ್ದಾಡ್ತು ಅಂತ ನಂಗೆ ಗೊತ್ತು. ಆ ಕಲ್ಲಿನ ಮ್ಯಾಲೆ ನನ್ನ ಕೈ ಇಡಕ್ಕೆ ನನ್ನ ಕೈಲಾಗ್ನಿಲ್ಲ ಅಕ್ಕ."

ಮತ್ತೆ ಹೇಳಿದಳು. ನೀನು ಬಾಯಿಬಿಟ್ಟು ಅತ್ತುಬಿಟ್ಟೆ, ಮುಗೀತು. ನಾನು ಅಳೋ ಹಂಗಿರಲಿಲ್ಲ. ಅತ್ತರೆ ಗೊತ್ತಾಗಿಬಿಡುತ್ತಿತ್ತು. ಅವನು ಸತ್ತ ಅಂತ ತಿಳಿದುಕೊಂಡೇ ದಿನಾ ಬೆಳಿಗ್ಗೆ ಅವನ ಹೆಸರಲ್ಲಿ ಹೂವು ಮುಡಿದಿದ್ದೀನಿ. ಸಂಕಟ ಆದಾಗೆಲ್ಲ ನಿನ್ನನ್ನ ನೋಡಿ, ಇವಳಾದರೂ ಬಚಾವು ಅಂತ ಅಂದುಕೊಂಡಿದ್ದೀನಿ.

ತನ್ನನ್ನು ನೋಡಿ ಹೊಟ್ಟೆ ಉರಿದುಕೊಳ್ಳುವವರು ಲೋಕದಲ್ಲಿ ಇರಬಹುದೆಂದು ಪುಟ್ಟತಾಯಮ್ಮ ಎಂದೂ ಎಣಿಸಿರಲಿಲ್ಲ. ಒಂದು ಕಡೆ ಮರುಕ ಹುಟ್ಟಿತು. ಇನ್ನೊಂದು ಕಡೆ, ಇವಳಿಗೆ ಮುಚ್ಚಿಡಲು ಒಂದು ಕಾಗದವಾದರೂ ಇತ್ತು, ನನ್ನ ಗಂಡನ ಹೆಣವನ್ನು ತೂಬಿನ ಹತ್ತಿರ ಊರೆಲ್ಲ ನೋಡಿತು ಎಂಬ ಹಳೆಯ ಉರಿ ಹಾಗೇ ಇತ್ತು.

ಚಿಕ್ಕಬೋರಮ್ಮ ಮೂರು ದಿನ ಗಂಜಿ ಮುಟ್ಟಲಿಲ್ಲ. ನಾಲ್ಕನೇ ದಿನ ಎದ್ದು, ಹೆಣವಿಲ್ಲದಿದ್ದರೆ ಏನು ಮಾಡಬೇಕೆಂದು ಐನೋರನ್ನು ಕೇಳಿಕೊಂಡು ಬನ್ನಿ ಎಂದಳು. ಹಬ್ಬ ಕಳೆದ ಮೇಲೆ ಮನೆಯವರೆಲ್ಲ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ಹೋದರು. ದರ್ಭೆಯಲ್ಲಿ ಆಳಿನಂಥ ಬೊಂಬೆ ಕಟ್ಟಿ, ಅದಕ್ಕೆ ಚಲುವರಾಜನ ಹೆಸರಿಟ್ಟು, ಸುಟ್ಟು, ಬೂದಿಯನ್ನು ಹೊಳೆಗೆ ಬಿಟ್ಟರು. ಚಿಕ್ಕಬೋರಮ್ಮ ಮೆಟ್ಟಿಲ ಮೇಲೆ ಕೂತು, ಬೂದಿ ನೀರಲ್ಲಿ ಕರಗಿ ಕಾಣದಾಗುವ ತನಕ ನೋಡಿದಳು.

ಆಮೇಲೆ ಮುದುಕಿಯರು ಜಯಶೀಲಳನ್ನು ಮೆಟ್ಟಿಲ ಮೇಲೆ ಕೂರಿಸಿದರು. ಒಬ್ಬಳು ಗುಂಡುಕಲ್ಲು ಹುಡುಕಿ ತಂದಳು. ಏಳು ವರ್ಷ ಪುಟ್ಟತಾಯಮ್ಮ ಬೇಡಿಕೊಂಡಿದ್ದ ಗಳಿಗೆ ಅದೇ. ಅವಳು ಮುಂದೆ ಬಂದು ಜಯಶೀಲಳ ಬಲಗೈ ಹಿಡಿದುಕೊಂಡಳು. ಅದು ಐಸಿನ ಹಾಗೆ ತಣ್ಣಗಿತ್ತು. ಪುಟ್ಟತಾಯಮ್ಮ ಕಲ್ಲು ತಂದವಳಿಗೆ, ಬ್ಯಾಡ, ಇಡು ಅದನ್ನ, ನಾನೇ ತೆಗೀತೀನಿ ಎಂದಳು. ಶಾಸ್ತ್ರ ಅಂತ ಇದೆಯಲ್ಲ ಎಂದು ಯಾರೋ ಗೊಣಗಿದರು. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಬಟ್ಟೆ ಒಗೆಯುತ್ತಿದ್ದವರಿಂದ ಸೋಪಿನ ಚೂರು ಇಸಕೊಂಡು, ಕೈಗೆ ಸವರಿ, ಒಂದೊಂದೇ ಬಳೆಯನ್ನು ಜಾರಿಸಿ ತೆಗೆದು ನೀರಿಗೆ ಬಿಟ್ಟಳು. ಹನ್ನೆರಡು ಬಳೆಗೂ ಒಂದು ಗಾಯವೂ ಆಗಲಿಲ್ಲ. ಜಯಶೀಲ ಆಗ ಅತ್ತಳು. ಹೊಳೆಯಾಚೆಗೆ ಕೇಳುವ ಹಾಗೆ ಅತ್ತಳು, ಯಾರೂ ಸುಮ್ಮನಿರು ಎನ್ನಲಿಲ್ಲ.

ಅಲ್ಲಿಗೆ ಇಬ್ಬರೂ ಒಂದೇ ಆದರು ಎಂದು ಪುಟ್ಟತಾಯಮ್ಮ ಅಂದುಕೊಂಡಳು. ಒಂದು ವರ್ಷ ಹಾಗೇ ಇತ್ತು ಕೂಡ. ಇಬ್ಬರೂ ಒಟ್ಟಿಗೇ ಗದ್ದೆಗೆ ಹೋಗುತ್ತಿದ್ದರು, ಡೈರಿಗೆ ಹಾಲು ಹಾಕಿ ಬರುತ್ತಿದ್ದರು, ಮದುವೆ ಮನೆಗಳಲ್ಲಿ ಅಡುಗೆಮನೆಯ ಬಾಗಿಲಲ್ಲಿ ಅಕ್ಕಪಕ್ಕ ನಿಲ್ಲುತ್ತಿದ್ದರು. ಪುಟ್ಟತಾಯಮ್ಮನಿಗೆ ಅದು ಹಿತವಾಗಿತ್ತು.

ತೊಂಬತ್ತೆಂಟರಲ್ಲಿ ಜಯಶೀಲಳ ಅಣ್ಣ ಕೋರ್ಟಿನಿಂದ ಕಾಗದ ಮಾಡಿಸಿದ. ಏಳು ವರ್ಷ ಮೀರಿ ಸುದ್ದಿಯಿಲ್ಲದವನು ಸತ್ತನೆಂದೇ ಬರೆದುಕೊಟ್ಟರು. ಮುಂದಿನ ತಿಂಗಳೇ ಅವನು ಬಂದು, ಕೆ.ಆರ್. ಪೇಟೆಯಲ್ಲಿ ಹೆಂಡತಿ ತೀರಿಕೊಂಡ ಒಬ್ಬರು ಗ್ರಾಮಸೇವಕರಿದ್ದಾರೆ, ಒಳ್ಳೆಯ ಮನುಷ್ಯ, ಜಯಶೀಲಳಿಗೆ ಇನ್ನೂ ಮೂವತ್ತೆರಡು, ಸತ್ತನೆಂದು ಕಾಗದವೂ ಆಯಿತಲ್ಲ ಎಂದ. ಚಿಕ್ಕಬೋರಮ್ಮ, ಓಗ್ಲಿ, ಎಷ್ಟು ದಿನ ಕಾಯ್ತಾಳೆ ಎಂದಳು. ಪುಟ್ಟತಾಯಮ್ಮ ಕಾಫಿ ಲೋಟಗಳನ್ನು ತೊಳೆಯುತ್ತ ಇದನ್ನೆಲ್ಲ ಕೇಳಿಸಿಕೊಂಡಳು. ಮೌನೇಶಾಚಾರಿಯ ಅಂಗಡಿಯಲ್ಲಿ ಕೂತು ತಾನು ಬೆರಳು ಮಡಿಸಿ ಎಣಿಸಿದ್ದ ಏಳು ವರ್ಷ, ಓರಗಿತ್ತಿಗೆ ಮತ್ತೊಂದು ಮನೆ ಕೊಡುತ್ತಿತ್ತು. ತನಗೆ ನಲವತ್ತೆರಡು, ಮೊಮ್ಮಗು ಬೇರೆ ಹುಟ್ಟಿತ್ತು, ಯಾರೂ ಕೇಳುವುದಿಲ್ಲ, ಕೇಳಿದರೂ ತಾನು ಒಪ್ಪುವವಳಲ್ಲ. ಆದರೂ ಲೋಟ ಕೈಜಾರಿ ಕಲ್ಲಿನ ಮೇಲೆ ಬಿತ್ತು.

ಮದುವೆ ಮೇಲುಕೋಟೆಯಲ್ಲಿ, ಹತ್ತಿಪ್ಪತ್ತು ಜನರ ಮುಂದೆ ನಡೆಯಿತು. ಹೋಗುವುದಿಲ್ಲ ಎಂದುಕೊಂಡಿದ್ದ ಪುಟ್ಟತಾಯಮ್ಮ ಕೊನೆಗೆ ಹೋದಳು. ತಾಳಿ ಕಟ್ಟುವಾಗ ಜಯಶೀಲ ತಲೆಯೆತ್ತಿ ಅವಳನ್ನು ಹುಡುಕಿದಳು. ಇವಳು ಕಂಬದ ಹತ್ತಿರ ನಿಂತು ತಲೆಯಾಡಿಸಿದಳು. ಊಟಕ್ಕೆ ಪುಳಿಯೋಗರೆ, ಸಕ್ಕರೆ ಪೊಂಗಲು ಇತ್ತು. ಚೆನ್ನಾಗಿತ್ತು, ಎರಡು ಸಲ ಹಾಕಿಸಿಕೊಂಡಳು. ಹೊರಡುವಾಗ ಜಯಶೀಲ ಕಾಲಿಗೆ ಬಿದ್ದಳು, ಹೊಸ ಗಂಡನನ್ನೂ ಬೀಳಿಸಿದಳು. ಬೋಳು ಹಣೆಯವಳ ಕಾಲಿಗೆ ಮದುಮಕ್ಕಳು ಬೀಳುವುದನ್ನು ಕಂಡು ಹಿಂದೆ ನಿಂತವರು ಮುಖ ಮುಖ ನೋಡಿಕೊಂಡರು. ಪುಟ್ಟತಾಯಮ್ಮ ಇಬ್ಬರ ತಲೆಯ ಮೇಲೂ ಕೈಯಿಟ್ಟು ಚೆನ್ನಾಗಿರಿ ಎಂದಳು. ಮನಸ್ಸಿನಿಂದಲೇ ಅಂದಳು.

ಪಾಂಡವಪುರದ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಕಂಬಿ ಹಿಡಿದು ನಿಂತೇ ಬಂದಳು. ಜಕ್ಕನಹಳ್ಳಿ ದಾಟುವ ತನಕ ಹೊಟ್ಟೆ ಉರಿಯುತ್ತಲೇ ಇತ್ತು. ಅದನ್ನು ಬೇರೆ ಏನೋ ಎಂದು ತನಗೇ ಸುಳ್ಳು ಹೇಳಿಕೊಳ್ಳಲು ಅವಳು ಹೋಗಲಿಲ್ಲ. ಪಕ್ಕದಲ್ಲಿ ನಿಂತಿದ್ದ ಹೆಂಗಸು, ಯಾರ ಮದುವೆಗೆ ಹೋಗಿದ್ರಿ ಎಂದು ಕೇಳಿದಳು.

"ನನ್ನ ತಂಗೀದು," ಎಂದಳು ಪುಟ್ಟತಾಯಮ್ಮ.